ಆಟದ ಲ್ಯಾಪ್‌ಟಾಪ್ ಮತ್ತು ಕಾವಿನ ಹೊಣೆ

ಗಣಕಯಂತ್ರವು ಭಾರ ಎತ್ತುವುದಿಲ್ಲ, ಗಾಲಿ ತಿರುಗಿಸುವುದಿಲ್ಲ, ನೀರನ್ನು ಮೇಲೇರಿಸುವುದಿಲ್ಲ. ಆದ್ದರಿಂದ ಅದು ಹೀರಿಕೊಂಡ ವಿದ್ಯುಚ್ಛಕ್ತಿಯಲ್ಲಿ ಪರದೆಯ ಬೆಳಕಾಗಿ, ಸ್ಪೀಕರಿನ ದನಿಯಾಗಿ ಹೋಗುವ ಅಲ್ಪ ಪಾಲನ್ನು ಬಿಟ್ಟರೆ ಮಿಕ್ಕದ್ದೆಲ್ಲ ಅದರ ಒಡಲಿನಲ್ಲಿಯೇ ಶಾಖವಾಗಿ ಮಾರ್ಪಡುತ್ತದೆ. ತಯಾರಿಕೆಯನ್ನು ಎಷ್ಟೇ ತಿದ್ದಿದರೂ ಇದರಿಂದ ಪೂರ್ತಿ ಬಿಡುಗಡೆಯಿಲ್ಲ. ಐಬಿಎಂ ಸಂಸ್ಥೆಯ ಭೌತವಿಜ್ಞಾನಿ ರಾಲ್ಫ್ ಲ್ಯಾಂಡಾವರ್ 1961ರಲ್ಲಿ ತೋರಿಸಿಕೊಟ್ಟಂತೆ, ಒಂದೇ ಒಂದು ಬಿಟ್ ಮಾಹಿತಿಯನ್ನು ಅಳಿಸಬೇಕಾದರೂ ನಿಸರ್ಗನಿಯಮದ ಪ್ರಕಾರ ಇಂತಿಷ್ಟು ಶಾಖ ಹೊರಬೀಳಲೇಬೇಕು. ಇಂದಿನ ಚಿಪ್ಪುಗಳು ಆ ಕನಿಷ್ಠ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖವನ್ನು ಬಿಡುತ್ತವೆ. ಹುಟ್ಟಿದ ಶಾಖವನ್ನು ಇಲ್ಲವಾಗಿಸಲು ಬಾರದು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಮಾತ್ರ ಸಾಧ್ಯ. ಹೀಗಾಗಿ ಗಣಕವನ್ನು ತಣಿಸುವ ವಿದ್ಯೆಯ ಚರಿತ್ರೆಯೆಂದರೆ, ಕಾವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆಯೇ ಆಗಿದೆ. ಮೊದಲು ಕಟ್ಟಡ, ಆಮೇಲೆ ಲೋಹದ ಕವಚ, ಬಳಿಕ ಫ್ಯಾನು, ತರುವಾಯ ಸ್ವತಃ ಚಿಪ್ಪು, ಕಡೆಗೆ ಯಂತ್ರದ ಮುಂದೆ ಕುಳಿತ ಮನುಷ್ಯ, ಹೀಗೆ ಆ ಹೊಣೆ ಕೈಯಿಂದ ಕೈಗೆ ದಾಟಿ ಬಂದಿದೆ.

ಈ ಚರಿತ್ರೆಯಲ್ಲಿ ವಿಡಿಯೊ ಆಟಗಳಿಗೆ ವಿಶೇಷ ಸ್ಥಾನವಿರುವುದಕ್ಕೆ ಕಾರಣವುಂಟು. ಪತ್ರ ಬರೆಯುವ, ಲೆಕ್ಕ ಹಾಕುವ ಕೆಲಸಗಳಲ್ಲಿ ಬಳಕೆದಾರನು ಎರಡು ಕೀಲಿಗಳನ್ನು ಒತ್ತುವ ನಡುವಿನ ಬಿಡುವಿನಲ್ಲಿ ಪ್ರೊಸೆಸರ್, ಎಂದರೆ ಗಣನೆಯನ್ನೆಲ್ಲ ನಡೆಸುವ ಮುಖ್ಯ ಚಿಪ್ಪು, ಬಹುಪಾಲು ಸುಮ್ಮನಿರುತ್ತದೆ. ಒಂದು ಕ್ಷಣ ಬಿಸಿಯಾದರೂ ಮರುಕ್ಷಣ ಆರುವುದಕ್ಕೆ ಅದಕ್ಕೆ ಅವಕಾಶ ಸಿಗುತ್ತದೆ. ಆಟದಲ್ಲಿ ಅಂತಹ ಬಿಡುವಿಲ್ಲ. ಸೆಕೆಂಡಿಗೆ 60 ಚಿತ್ರಗಳು ಪರದೆಗೆ ಬರಬೇಕಾದರೆ ಪ್ರತಿಯೊಂದು ಚಿತ್ರವನ್ನೂ 17 ಮಿಲಿಸೆಕೆಂಡಿನೊಳಗೆ ಹೊಸದಾಗಿ ರಚಿಸಬೇಕು. ಆಟಗಾರನು ಕೈಕಟ್ಟಿ ಕುಳಿತಿದ್ದರೂ ಈ ಕೆಲಸ ಗಂಟೆಗಟ್ಟಲೆ ಒಂದೇ ಸಮನೆ ನಡೆಯುತ್ತದೆ, ಅದರಲ್ಲಿ ಪ್ರೊಸೆಸರ್ ಮತ್ತು ಚಿತ್ರ ರಚಿಸುವ ಗ್ರಾಫಿಕ್ಸ್ ಚಿಪ್ಪು ಎರಡೂ ಏಕಕಾಲಕ್ಕೆ ದುಡಿಯುತ್ತವೆ. ಆದ್ದರಿಂದ ಲ್ಯಾಪ್‌ಟಾಪ್ ಒಂದರ ತಣಿಸುವ ಏರ್ಪಾಡು ಎಷ್ಟು ಗಟ್ಟಿಯೆಂಬುದು ಕಚೇರಿಯ ಮೇಜಿನ ಮೇಲೆ ತಿಳಿಯುವುದಿಲ್ಲ; ಆಟ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ ತಿಳಿಯುತ್ತದೆ.

ಕಟ್ಟಡ ಹೊತ್ತ ಕಾವು

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1946ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಪರಿಚಯಿಸಲಾದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ನಿರ್ವಾತ ನಳಿಕೆಯೆಂದರೆ ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ತಂತಿಯೊಂದನ್ನು ಕಾಯಿಸಿ ಎಲೆಕ್ಟ್ರಾನುಗಳನ್ನು ಹೊರಡಿಸುವ ಸಾಧನವಾದುದರಿಂದ, ಅದು ಕೆಲಸ ಮಾಡಬೇಕಾದರೆ ಬಿಸಿಯಾಗಲೇಬೇಕಿತ್ತು. ಈ ಯಂತ್ರವು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಅಷ್ಟೂ ಶಾಖವನ್ನು ದೊಡ್ಡ ಬ್ಲೋಯರುಗಳ ಮೂಲಕ ಕಪಾಟುಗಳಿಂದ ಹೊರದೂಡಬೇಕಾಗಿತ್ತು. ಯಂತ್ರ ಮತ್ತು ಅದನ್ನು ಇರಿಸಿದ ಕೋಣೆ ಬೇರೆಬೇರೆಯೆಂದು ಹೇಳಲಾಗದಂತಹ ಈ ಸ್ಥಿತಿ ಭಾರತಕ್ಕೂ ಬಂತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೇಶೀಯವಾಗಿ ರೂಪುಗೊಂಡು 1960ರಲ್ಲಿ ಸಿದ್ಧವಾದ ಟಿಫ್ರಾಕ್ ಗಣಕದಲ್ಲಿ ಸುಮಾರು 2,700 ನಿರ್ವಾತ ನಳಿಕೆಗಳಿದ್ದವು. ಮುಂದಿನ ಕೆಲವು ದಶಕಗಳ ಕಾಲ ಭಾರತದ ವಿಶ್ವವಿದ್ಯಾಲಯಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಂಪ್ಯೂಟರ್ ಕೊಠಡಿಯೆಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕಾದ, ಏರ್ ಕಂಡೀಷನರಿನಿಂದ ತಂಪಾಗಿಸಿದ ಕೊಠಡಿಯೆಂದೇ ಅರ್ಥವಾಗಿತ್ತು.

ಗಾಳಿ ಸಾಲದಾದಾಗ ದೊಡ್ಡ ಗಣಕಗಳು ದ್ರವಗಳ ಮೊರೆಹೊಕ್ಕವು. 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಬಂದ ಕ್ರೇ-1 ಸೂಪರ್ ಕಂಪ್ಯೂಟರಿನ ಚೌಕಟ್ಟಿನೊಳಗೆ ಶೀತಕ ಯಂತ್ರಗಳಲ್ಲಿ ಬಳಸುವ ಫ್ರಿಯಾನ್ ಹರಿಯುತ್ತಿತ್ತು; 1985ರ ಕ್ರೇ-2ರಲ್ಲಿ ಮಂಡಲಫಲಕಗಳನ್ನೇ ವಿದ್ಯುತ್ತನ್ನು ಹರಿಯಗೊಡದ ಫ್ಲೂರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿ ಇಡಲಾಯಿತು. ಬಿಸಿಯಾಗುವ ಭಾಗಕ್ಕೆ ದ್ರವವನ್ನು ಮುಟ್ಟಿಸಿ ಶಾಖವನ್ನು ದೂರಕ್ಕೆ ಒಯ್ಯುವ ಈ ಉಪಾಯ ಮುಂದೆ ಬಹಳ ಕಿರಿದಾದ ರೂಪದಲ್ಲಿ ಲ್ಯಾಪ್‌ಟಾಪಿನೊಳಗೂ ಮರಳಿ ಬರಲಿತ್ತು.

ಅದಕ್ಕೆ ಮುನ್ನ ಗಣಕ ಕಿರಿದಾಗಬೇಕಾಗಿತ್ತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿಗೆ ಕಾದ ತಂತಿಯ ಅಗತ್ಯವೇ ಇರಲಿಲ್ಲ. 1963ರಲ್ಲಿ ಫ್ರ್ಯಾಂಕ್ ವ್ಯಾನ್‌ಲಾಸ್ ರೂಪಿಸಿದ ಸಿಮಾಸ್ ಎಂಬ ಜೋಡಣೆಯಲ್ಲಿ ಸ್ಥಿತಿ ಬದಲಾಗುವ ಕ್ಷಣದಲ್ಲಿ ಮಾತ್ರ ಹೆಚ್ಚಿನ ವಿದ್ಯುತ್ತು ಖರ್ಚಾಗುತ್ತಿತ್ತು. ಒಂದೇ ಚಿಪ್ಪಿನ ಮೇಲೆ ಕೂರುವ ಘಟಕಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಮ್ಮಡಿಸುವುದೆಂದು 1965ರಲ್ಲಿ ಬರೆದ ಗಾರ್ಡನ್ ಮೂರ್, ಅದೇ ಲೇಖನದಲ್ಲಿ ಅಷ್ಟು ಘಟಕಗಳ ಶಾಖವನ್ನು ತೆಗೆಯಬಹುದೇ ಎಂಬ ಪ್ರಶ್ನೆಯನ್ನೂ ಎತ್ತಿಕೊಂಡು ಅದು ಸಾಧ್ಯವೆಂಬ ಭರವಸೆಯನ್ನು ನೀಡಿದ್ದರು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಆ ಭರವಸೆಗೆ ತಳಹದಿ ಒದಗಿಸಿದರು: ಟ್ರಾನ್ಸಿಸ್ಟರನ್ನು ಕಿರಿದಾಗಿಸಿದಷ್ಟೇ ಪ್ರಮಾಣದಲ್ಲಿ ಅದಕ್ಕೆ ಕೊಡುವ ವೋಲ್ಟೇಜನ್ನೂ ತಗ್ಗಿಸುತ್ತ ಹೋದರೆ, ಚಿಪ್ಪಿನ ಒಂದು ಚದರ ಸೆಂಟಿಮೀಟರ್ ಬಿಡುವ ಶಾಖ ಏರದೆ ವೇಗ ಮಾತ್ರ ಏರುತ್ತದೆಯೆಂದು ಅವರು ತೋರಿಸಿದರು. ಮುಂದಿನ ಮೂವತ್ತು ವರ್ಷಗಳ ಕಾಲ ಕೈಯಲ್ಲಿ ಹಿಡಿದು ಒಯ್ಯುವ ಗಣಕವೆಂಬ ಕಲ್ಪನೆ ನಿಂತದ್ದು ಈ ಸೂತ್ರದ ಮೇಲೆ.

ಲೋಹದ ಕವಚ

1981ರ ಆಸ್‌ಬೋರ್ನ್ 1 ಒಯ್ಯಬಹುದಾದ ಗಣಕವೆಂದು ಮಾರಾಟಕ್ಕೆ ಬಂದಿತಾದರೂ ಸುಮಾರು 11 ಕಿಲೋ ತೂಗುತ್ತಿತ್ತು, ಬ್ಯಾಟರಿಯಿಲ್ಲದ್ದರಿಂದ ಗೋಡೆಯ ಪ್ಲಗ್ಗಿನ ಬಳಿಯ ಮೇಜಿನ ಮೇಲೆಯೇ ಇರಬೇಕಾಗಿತ್ತು. ಮಡಚಿದರೆ ಪರದೆಯು ಕೀಲಿಮಣೆಯ ಮೇಲೆ ಕೂರುವ ಇಂದಿನ ಲ್ಯಾಪ್‌ಟಾಪಿನ ಆಕಾರವು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಮರುವರ್ಷ, ಬಿಲ್ ಮಾಗ್ರಿಡ್ಜ್ ವಿನ್ಯಾಸಗೊಳಿಸಿದ ಗ್ರಿಡ್ ಕಂಪಾಸ್ ಯಂತ್ರದಲ್ಲಿ. ಅದರ ಹೊರಮೈ ಪ್ಲಾಸ್ಟಿಕ್ಕಿನದಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಮೆಗ್ನೀಸಿಯಂ ಮಿಶ್ರಲೋಹದ್ದು. ಹಗುರವೂ ಗಟ್ಟಿಯೂ ಆದ ಈ ಲೋಹ ಶಾಖವನ್ನು ಚೆನ್ನಾಗಿ ಹರಿಯಗೊಡುವುದರಿಂದ, ಒಳಗಿನ ಕಾವು ಇಡೀ ಕವಚಕ್ಕೆ ಹರಡಿ ಅಲ್ಲಿಂದ ನಿಧಾನವಾಗಿ ಗಾಳಿಗೆ ಸೇರುತ್ತಿತ್ತು. ಹೀಗೆ ಶಾಖವನ್ನು ಹೀರಿ ಅಗಲವಾದ ಮೇಲ್ಮೈಗೆ ಹಂಚುವ ಲೋಹದ ಭಾಗಕ್ಕೆ ಹೀಟ್ ಸಿಂಕ್ ಎಂದು ಹೆಸರು; ಗ್ರಿಡ್ ಕಂಪಾಸಿನಲ್ಲಿ ಯಂತ್ರದ ಮೈಯೇ ಹೀಟ್ ಸಿಂಕ್ ಆಗಿತ್ತು.

ಈ ಯಂತ್ರ ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿಯೂ ಹಾರಿತು. ಆಗ ನಾಸಾ ಅದಕ್ಕೆ ಮಾಡಿಸಿದ ಮಾರ್ಪಾಡುಗಳಲ್ಲಿ ಫ್ಯಾನೊಂದನ್ನು ಕೂಡಿಸಿದ್ದು ಗಮನಾರ್ಹವಾದುದು. ಭೂಮಿಯ ಮೇಲೆ ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ತಣ್ಣನೆಯ ಗಾಳಿ ತಾನಾಗಿ ಬರುತ್ತದೆ. ತೂಕವೇ ಇಲ್ಲದ ಕಕ್ಷೆಯಲ್ಲಿ ಹಗುರ-ಭಾರಗಳ ಭೇದ ಅಳಿಯುವುದರಿಂದ ಬಿಸಿ ಗಾಳಿಯು ಯಂತ್ರದ ಸುತ್ತಲೇ ನಿಂತುಬಿಡುತ್ತದೆ. ನೆಲದ ಮೇಲಿನ ಬಳಕೆದಾರನಿಗೆ ಗಾಳಿಯ ಈ ಸಹಜ ಚಲನೆ ಪುಕ್ಕಟೆಯಾಗಿ ದೊರೆಯುತ್ತಿತ್ತೆಂಬುದು ಬಾಹ್ಯಾಕಾಶದಲ್ಲಿ ಅದು ಇಲ್ಲವಾದಾಗ ಎದ್ದುಕಂಡಿತು. ಹಾಸಿಗೆಯ ಮೇಲೋ ದಿಂಬಿನ ಮೇಲೋ ಲ್ಯಾಪ್‌ಟಾಪ್ ಇರಿಸಿದಾಗ ಆಗುವುದೂ ಬಹುಮಟ್ಟಿಗೆ ಇದೇ: ಗಾಳಿ ಬರುವ ಹೋಗುವ ದಾರಿಗಳು ಮುಚ್ಚಿ, ಹೊರಬಿದ್ದ ಕಾವು ಯಂತ್ರದ ಬಳಿಯೇ ಉಳಿಯುತ್ತದೆ.

1980ರ ದಶಕದ ಲ್ಯಾಪ್‌ಟಾಪುಗಳಲ್ಲಿ ಆಟ ಇರಲಿಲ್ಲವೆಂದಲ್ಲ. ಅಕ್ಷರಗಳಿಂದಲೋ ಕೆಲವೇ ಬಣ್ಣಗಳ ಚುಕ್ಕೆಗಳಿಂದಲೋ ರಚಿತವಾದ ಆ ಆಟಗಳು ಕೆಲವು ವ್ಯಾಟ್‌ಗಳ ಮಿತಿಯೊಳಗೆ ನಡೆಯುತ್ತಿದ್ದುದರಿಂದ ಅವುಗಳ ಕಾವನ್ನು ಹೊರಲು ಕವಚವೇ ಸಾಕಾಗುತ್ತಿತ್ತು. ಈ ನೆಮ್ಮದಿ ಮುಗಿದದ್ದು 1993ರಲ್ಲಿ.

ಫ್ಯಾನು ಮತ್ತು ಹೀಟ್ ಪೈಪು

ಆ ವರ್ಷದ ಮಾರ್ಚಿನಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಪ್ರೊಸೆಸರ್ ಬಂದಿತು. ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆಯ ಡೂಮ್ ಆಟ ಬಂದಿತು. 5 ವೋಲ್ಟಿನಲ್ಲಿ ನಡೆಯುತ್ತಿದ್ದ ಮೊದಲ ಪೆಂಟಿಯಂ ಸುಮಾರು 16 ವ್ಯಾಟ್‌ವರೆಗೆ ಶಾಖ ಬಿಡುತ್ತಿದ್ದುದರಿಂದ ಮೇಜಿನ ಗಣಕಗಳಲ್ಲಿಯೇ ಅದರ ನೆತ್ತಿಗೆ ಫ್ಯಾನು ಬೇಕಾಯಿತು. 3.3 ವೋಲ್ಟಿಗೆ ಇಳಿಸಿದ ಆವೃತ್ತಿಗಳು ಬಂದ ಬಳಿಕ, 1994ರ ಕೊನೆಯ ಹೊತ್ತಿಗೆ, ಪೆಂಟಿಯಂ ಲ್ಯಾಪ್‌ಟಾಪಿಗೆ ಕಾಲಿಟ್ಟಿತು. 1996ರ ಕ್ವೇಕ್ ಆಟವಂತೂ ಮೂರು ಆಯಾಮದ ಜಗತ್ತನ್ನು ಪೂರ್ತಿಯಾಗಿ ಗಣಿತದಿಂದಲೇ ಕಟ್ಟುತ್ತಿದ್ದುದರಿಂದ ಪೆಂಟಿಯಮ್ಮಿನ ದಶಮಾಂಶ ಗಣನೆಯ ಭಾಗಕ್ಕೆ ಬಿಡುವೇ ಕೊಡುತ್ತಿರಲಿಲ್ಲ. ಇಂತಹ ಚಿಪ್ಪನ್ನು ಕೆಲವೇ ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯೊಳಗೆ ಕೂರಿಸಿದಾಗ ತಲೆದೋರಿದ ತೊಡಕೆಂದರೆ, ಚಿಪ್ಪಿನ ಮೇಲೆ ಎತ್ತರದ ಹೀಟ್ ಸಿಂಕಿಗೂ ಫ್ಯಾನಿಗೂ ಜಾಗವಿಲ್ಲ, ಜಾಗವಿರುವ ಅಂಚಿನಲ್ಲಿ ಚಿಪ್ಪಿಲ್ಲ. ಎರಡರ ನಡುವೆ ಶಾಖವನ್ನು ಸಾಗಿಸುವ ಸೇತುವೆಯೊಂದು ಬೇಕಾಗಿತ್ತು.

ಆ ಸೇತುವೆ ಬೇರೊಂದು ಲೋಕದಲ್ಲಿ ಆಗಲೇ ಸಿದ್ಧವಾಗಿತ್ತು. ಜನರಲ್ ಮೋಟರ್ಸ್ ಸಂಸ್ಥೆಯ ರಿಚರ್ಡ್ ಗಾಗ್ಲರ್ 1942ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದ ಉಪಾಯವನ್ನು ಲಾಸ್ ಅಲಾಮೋಸಿನ ಜಾರ್ಜ್ ಗ್ರೋವರ್ 1963ರಲ್ಲಿ ಸ್ವತಂತ್ರವಾಗಿ ಕಂಡುಕೊಂಡು ಅದಕ್ಕೆ ಹೀಟ್ ಪೈಪ್ ಎಂದು ಹೆಸರಿಟ್ಟರು. ಬಾಹ್ಯಾಕಾಶದಲ್ಲಿ ಬಳಸುವ ಪರಮಾಣು ವಿದ್ಯುತ್ ಸಾಧನಗಳ ಶಾಖವನ್ನು ಸಾಗಿಸುವುದು ಅವರ ಉದ್ದೇಶವಾಗಿತ್ತು. ಲ್ಯಾಪ್‌ಟಾಪಿನ ಹೀಟ್ ಪೈಪೆಂದರೆ ಎರಡೂ ತುದಿ ಮುಚ್ಚಿದ, ಒಳಗಿನ ಗಾಳಿಯನ್ನು ತೆಗೆದು ಸ್ವಲ್ಪವೇ ನೀರನ್ನು ಉಳಿಸಿದ ತಾಮ್ರದ ಕೊಳವೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗುತ್ತದೆ. ಚಿಪ್ಪಿನ ಮೇಲಿರುವ ತುದಿಯಲ್ಲಿ ಶಾಖವನ್ನು ಹೀರಿ ಆವಿಯಾದ ನೀರು ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಮತ್ತೆ ಹನಿಯಾಗುವಾಗ ಹೀರಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಕೊಳವೆಯ ಒಳಮೈಗೆ ಅಂಟಿಸಿದ ತಾಮ್ರದ ಪುಡಿಯ ಪದರವು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಆ ಹನಿಗಳನ್ನು ಬಿಸಿ ತುದಿಗೆ ಮರಳಿ ಎಳೆದು ತರುತ್ತದೆ. ಪಂಪಿಲ್ಲ, ಚಲಿಸುವ ಭಾಗವಿಲ್ಲ, ವಿದ್ಯುತ್ತಿನ ಖರ್ಚಿಲ್ಲ. ಆದರೂ ಅದೇ ಗಾತ್ರದ ಗಟ್ಟಿ ತಾಮ್ರದ ಸರಳಿಗಿಂತ ಹಲವು ಪಟ್ಟು ಹೆಚ್ಚು ಶಾಖವನ್ನು ಅದು ಸಾಗಿಸಬಲ್ಲುದು. ನೀರನ್ನು ಮರಳಿ ತರಲು ಗುರುತ್ವದ ನೆರವು ಬೇಕಿಲ್ಲದ್ದರಿಂದಲೇ ಅದು ಬಾಹ್ಯಾಕಾಶಕ್ಕೂ ಒಗ್ಗಿತು, ಯಾವ ಭಂಗಿಯಲ್ಲಾದರೂ ಇರಿಸಬಹುದಾದ ಲ್ಯಾಪ್‌ಟಾಪಿಗೂ ಒಗ್ಗಿತು. 1990ರ ದಶಕದಲ್ಲಿ ಲ್ಯಾಪ್‌ಟಾಪುಗಳನ್ನು ಹೊಕ್ಕ ಈ ಕೊಳವೆ ಇಂದಿಗೂ ಅಲ್ಲಿಂದ ಕದಲಿಲ್ಲ.

ಹೀಟ್ ಪೈಪಿನ ತಣ್ಣನೆಯ ತುದಿಗೆ ಕಾಗದದಷ್ಟು ತೆಳುವಾದ ಲೋಹದ ರೆಕ್ಕೆಗಳ ಸಾಲೊಂದು ಅಂಟಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಮೇಲಿನಿಂದಲೋ ಕೆಳಗಿನಿಂದಲೋ ಗಾಳಿಯನ್ನು ಎಳೆದು ಪಕ್ಕಕ್ಕೆ ತಳ್ಳುವ ಚಪ್ಪಟೆ ಫ್ಯಾನು ಇರುತ್ತದೆ. ಚಿಪ್ಪಿನ ಮೈ ಮತ್ತು ತಾಮ್ರದ ತಟ್ಟೆ ಕಣ್ಣಿಗೆ ನಯವಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ತಗ್ಗುಗಳು ಉಳಿಯುತ್ತವೆ, ಅವುಗಳಲ್ಲಿ ಸಿಕ್ಕಿಕೊಂಡ ಗಾಳಿ ಶಾಖಕ್ಕೆ ಅಡ್ಡಬರುತ್ತದೆ. ಆ ತಗ್ಗುಗಳನ್ನು ತುಂಬಲು ಹಚ್ಚುವ ಸಿಲಿಕೋನ್ ಎಣ್ಣೆ ಮತ್ತು ಸತುವಿನ ಆಕ್ಸೈಡಿನಂತಹ ಪುಡಿಗಳ ಮಿಶ್ರಣವೇ ಥರ್ಮಲ್ ಪೇಸ್ಟ್. ಈ ಸಾಲಿನಲ್ಲಿ ಎರಡು ದುರ್ಬಲ ಕೊಂಡಿಗಳಿವೆ. ಪೇಸ್ಟು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ರೆಕ್ಕೆಗಳ ನಡುವೆ ಧೂಳು ಮತ್ತು ಬಟ್ಟೆಯ ನಾರು ಸೇರಿ ಗಾಳಿಯ ದಾರಿಯನ್ನು ಕಟ್ಟುತ್ತವೆ. ಫ್ಯಾನಿಗೆ ತನ್ನದೇ ಆದ ಮಿತಿಯೂ ಇದೆ. ಗಾಳಿಯ ಪ್ರಮಾಣ ಫ್ಯಾನಿನ ವೇಗದಷ್ಟೇ ಏರಿದರೆ, ಅದನ್ನು ತಿರುಗಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ಇಮ್ಮಡಿ ಗಾಳಿಗೆ ಎಂಟು ಪಟ್ಟು ಶಕ್ತಿ ಬೇಕು, ಅದರ ಜೊತೆಗೆ ಸದ್ದೂ ಏರುತ್ತದೆ. ಕವಚದಿಂದ ಫ್ಯಾನಿಗೆ ದಾಟಿದ ಹೊಣೆಯ ಒಂದು ಪಾಲು ಹೀಗೆ ಆಟಗಾರನ ಕಿವಿಗೆ ಬಂದು ಸೇರಿತು.

ಎರಡನೆಯ ಒಲೆ

ಅಲ್ಲಿಯವರೆಗೆ ಲ್ಯಾಪ್‌ಟಾಪಿನಲ್ಲಿ ಕಾವಿನ ಮೂಲ ಮುಖ್ಯವಾಗಿ ಒಂದೇ ಆಗಿತ್ತು. 1996ರಲ್ಲಿ 3ಡಿಎಫ್ಎಕ್ಸ್ ಸಂಸ್ಥೆಯ ವೂಡೂ, 1999ರಲ್ಲಿ ಎನ್ವಿಡಿಯಾ ಸಂಸ್ಥೆಯ ಜಿಫೋರ್ಸ್ 256 ಬಂದು ಮೂರು ಆಯಾಮದ ಚಿತ್ರರಚನೆಯನ್ನು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿದ ಮೇಲೆ ಆಟಗಳ ಸ್ವರೂಪವೇ ಬದಲಾಯಿತು. 2000ರ ಕೊನೆಯಲ್ಲಿ ಜಿಫೋರ್ಸ್2 ಗೋ ಪ್ರಕಟವಾಗುವುದರೊಂದಿಗೆ ಈ ಚಿಪ್ಪು ಲ್ಯಾಪ್‌ಟಾಪಿಗೂ ಬಂದಿತು, ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆಗಳು ಉರಿಯತೊಡಗಿದವು. 1996ರಲ್ಲಿ ಮಯಾಮಿಯಲ್ಲಿ ಆರಂಭವಾಗಿ 2006ರಲ್ಲಿ ಡೆಲ್ ಸಂಸ್ಥೆಯ ಪಾಲಾದ ಏಲಿಯನ್‌ವೇರ್‌ನಂತಹ ತಯಾರಕರು ಆಟಗಾರರಿಗೆಂದೇ ಕಟ್ಟಿದ ಆ ಕಾಲದ ಯಂತ್ರಗಳು ದಪ್ಪವಾಗಿ, ಭಾರವಾಗಿ, ಹಲವು ಫ್ಯಾನುಗಳಿಂದ ಕೂಡಿದ್ದವು. ಮೇಜಿನ ಗಣಕದ ಬದಲಿಗೆ ಕೊಳ್ಳುವ ಲ್ಯಾಪ್‌ಟಾಪುಗಳೆಂದೇ ಅವುಗಳನ್ನು ಕರೆಯುತ್ತಿದ್ದರು, ಮೇಜಿನ ಗಣಕದ ಪೆಂಟಿಯಂ 4 ಪ್ರೊಸೆಸರನ್ನು ಹಾಗೆಯೇ ಕೂರಿಸಿದ ಮಾದರಿಗಳೂ ಅವುಗಳಲ್ಲಿದ್ದವು.

ಇದೇ ಹೊತ್ತಿನಲ್ಲಿ ಡೆನಾರ್ಡ್ ಸೂತ್ರ ಕೈಕೊಟ್ಟಿತು. ಟ್ರಾನ್ಸಿಸ್ಟರುಗಳು ಅತಿ ಕಿರಿದಾದಂತೆ, ಅವು ಮುಚ್ಚಿರುವಾಗಲೂ ಸ್ವಲ್ಪ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಒಂದು ವೋಲ್ಟಿನ ಆಸುಪಾಸಿನಿಂದ ಕೆಳಗಿಳಿಸುವುದು ಕಷ್ಟವಾಯಿತು. 2004ರ ಫೆಬ್ರುವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಂ 4 ನೂರು ವ್ಯಾಟ್‌ಗಳ ಗಡಿಯನ್ನು ದಾಟಿತು. ಅದರ ಉತ್ತರಾಧಿಕಾರಿಯಾಗಬೇಕಿದ್ದ ತೇಜಸ್ ಎಂಬ ಯೋಜನೆಯನ್ನು ಇಂಟೆಲ್ ಅದೇ ವರ್ಷದ ಮೇ ತಿಂಗಳಲ್ಲಿ ಕೈಬಿಟ್ಟಿತು. ಪೆಂಟಿಯಂ 4ರ ವೇಗ 3.8 ಗಿಗಾಹರ್ಟ್ಸ್‌ಗೆ ನಿಂತುಹೋಯಿತು. ಮುಂದಿನ ದಾರಿಯನ್ನು ತೋರಿಸಿದ್ದು ಇಸ್ರೇಲಿನ ಹೈಫಾದಲ್ಲಿ ಲ್ಯಾಪ್‌ಟಾಪಿಗಾಗಿಯೇ ರೂಪುಗೊಂಡು 2003ರಲ್ಲಿ ಬಂದಿದ್ದ ಪೆಂಟಿಯಂ ಎಂ. ಕಡಿಮೆ ಗಡಿಯಾರ ವೇಗದಲ್ಲಿ ಹೆಚ್ಚು ಕೆಲಸ ಮಾಡುವ ಅದರ ತತ್ತ್ವವೇ 2006ರ ಕೋರ್ ಸರಣಿಗೆ ಅಡಿಪಾಯವಾಯಿತು. ಕಾವನ್ನು ತಡೆಯಲಾರದೆ ದೊಡ್ಡ ಗಣಕದ ವಿನ್ಯಾಸವು ಸಣ್ಣ ಗಣಕದಿಂದ ಪಾಠ ಕಲಿತ ಪ್ರಸಂಗವಿದು.

2004ರಲ್ಲಿಯೇ ಬಂದ ಡೂಮ್ 3 ಮತ್ತು ಹಾಫ್-ಲೈಫ್ 2, 2007ರ ಕ್ರೈಸಿಸ್ ಮೊದಲಾದ ಆಟಗಳು ಗ್ರಾಫಿಕ್ಸ್ ಚಿಪ್ಪಿನಿಂದ ಹಿಂದೆಂದೂ ಕೇಳದಷ್ಟು ದುಡಿಮೆಯನ್ನು ಕೇಳಿದವು. ಕಾವಿನ ಮತ್ತೊಂದು ಮುಖವೂ ಆಗ ಬೆಳಕಿಗೆ ಬಂದಿತು. ಬಿಸಿಯಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣವು ಸಿಲಿಕಾನ್, ಬೆಸುಗೆ ಮತ್ತು ಫಲಕಗಳಲ್ಲಿ ಬೇರೆಬೇರೆಯಾಗಿರುವುದರಿಂದ, ದಿನಕ್ಕೆ ಹಲವು ಬಾರಿ ಕಾದು ತಣಿಯುವ ಚಿಪ್ಪಿನ ಅತಿ ಸಣ್ಣ ಬೆಸುಗೆಗಳು ದಣಿದು ಬಿರುಕುಬಿಡುತ್ತವೆ. 2008ರ ಜುಲೈಯಲ್ಲಿ ಎನ್ವಿಡಿಯಾ ಸಂಸ್ಥೆಯು ತನ್ನ ಹಿಂದಿನ ಪೀಳಿಗೆಯ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಇಂತಹ ದೌರ್ಬಲ್ಯದಿಂದ ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆಯೆಂದು ಪ್ರಕಟಿಸಿ, ದುರಸ್ತಿ ಮತ್ತು ಬದಲಾವಣೆಗಳಿಗಾಗಿ 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸುವುದಾಗಿ ಹೇಳಿತು. ಉಷ್ಣಾಂಶದ ಗರಿಷ್ಠ ಮಟ್ಟದಷ್ಟೇ ಅದರ ಏರಿಳಿತವೂ ಯಂತ್ರದ ಆಯುಸ್ಸನ್ನು ನಿರ್ಧರಿಸುತ್ತದೆಯೆಂಬ ತಿಳಿವಳಿಕೆ ತಜ್ಞರ ವಲಯದಿಂದ ಸಾಮಾನ್ಯ ಬಳಕೆದಾರರವರೆಗೆ ತಲುಪಿದ್ದು ಈ ಘಟನೆಯಿಂದ.

ಚಿಪ್ಪು ತಾನೇ ಹೊತ್ತ ಹೊಣೆ

ಹೊರಗಿನ ಏರ್ಪಾಡುಗಳು ಸಾಲದಾದಾಗ ಕಾವನ್ನು ಅಂಕೆಯಲ್ಲಿಡುವ ಕೆಲಸವನ್ನು ಚಿಪ್ಪಿಗೇ ವಹಿಸಲಾಯಿತು. ಚಿಪ್ಪಿನ ಚಲನಶೀಲ ವಿದ್ಯುತ್ ಬಳಕೆಯು ಅದರ ಗಡಿಯಾರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ಆದ್ದರಿಂದ ವೋಲ್ಟೇಜನ್ನೂ ವೇಗವನ್ನೂ ತಲಾ ಶೇಕಡ 20ರಷ್ಟು ಇಳಿಸಿದರೆ ಆ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. 2000ದ ಜನವರಿಯಲ್ಲಿ ಇಂಟೆಲ್‌ನ ಸ್ಪೀಡ್‌ಸ್ಟೆಪ್, ಅದೇ ವರ್ಷ ಟ್ರಾನ್ಸ್‌ಮೆಟಾದ ಲಾಂಗ್‌ರನ್ ಮತ್ತು ಎಎಂಡಿಯ ಪವರ್‌ನೌ, ಹೀಗೆ ಮೂರು ಸಂಸ್ಥೆಗಳೂ ಈ ಗಣಿತವನ್ನು ಆಧರಿಸಿದ ತಂತ್ರಗಳನ್ನು ಲ್ಯಾಪ್‌ಟಾಪಿಗೆ ತಂದವು. ಅವುಗಳ ಮೊದಲ ಗುರಿ ಬ್ಯಾಟರಿಯ ಉಳಿತಾಯವಾಗಿತ್ತು. ಪೆಂಟಿಯಂ 4ರಲ್ಲಿ ಇದಕ್ಕೆ ರಕ್ಷಣೆಯ ಅಂಶವೂ ಕೂಡಿತು: ಚಿಪ್ಪಿನೊಳಗೆ ಅಳವಡಿಸಿದ ಉಷ್ಣಮಾಪಕವು ಅಪಾಯದ ಮಟ್ಟವನ್ನು ಕಂಡೊಡನೆ ಕೆಲಸದ ಗತಿಯನ್ನು ತಾನಾಗಿ ತಗ್ಗಿಸುತ್ತಿತ್ತು. ಆಟಗಾರರ ಬಾಯಲ್ಲಿ ಥ್ರಾಟ್ಲಿಂಗ್ ಎಂದು ಕರೆಯಲ್ಪಡುವ ಕ್ರಿಯೆ ಇದೇ. ಸರಾಗವಾಗಿ ಸಾಗುತ್ತಿದ್ದ ಆಟ ಇದ್ದಕ್ಕಿದ್ದಂತೆ ತೊದಲತೊಡಗಿದರೆ ಬಹಳ ಸಲ ಅದಕ್ಕೆ ಕಾರಣ ಚಿಪ್ಪು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದು.

2009ರಲ್ಲಿ ಲ್ಯಾಪ್‌ಟಾಪಿಗೆ ಬಂದ ಟರ್ಬೊ ಬೂಸ್ಟ್ ಈ ತರ್ಕವನ್ನು ತಿರುವಿಹಾಕಿತು. ಕಾವಿನ ಮಿತಿಯೊಳಗೆ ಇನ್ನೂ ಅವಕಾಶ ಉಳಿದಿದ್ದರೆ ಅದನ್ನು ವೇಗಕ್ಕಾಗಿ ಬಳಸಿಕೊಳ್ಳುವುದು ಅದರ ತತ್ತ್ವ. ಇದರಿಂದ ಪ್ರೊಸೆಸರಿನ ವೇಗವೆಂಬುದು ನಿಶ್ಚಿತ ಸಂಖ್ಯೆಯಾಗಿ ಉಳಿಯಲಿಲ್ಲ. ಒಂದೇ ಚಿಪ್ಪು ಒಳ್ಳೆಯ ಫ್ಯಾನಿರುವ ಯಂತ್ರದಲ್ಲಿ ಚುರುಕಾಗಿಯೂ ಇಕ್ಕಟ್ಟಾದ ಯಂತ್ರದಲ್ಲಿ ಮಂದವಾಗಿಯೂ ನಡೆಯತೊಡಗಿತು. ಗ್ರಾಫಿಕ್ಸ್ ಚಿಪ್ಪುಗಳ ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. 2023ರಲ್ಲಿ ಲ್ಯಾಪ್‌ಟಾಪಿಗೆ ಬಂದ ಆರ್‌ಟಿಎಕ್ಸ್ 4090 ಚಿಪ್ಪಿಗೆ ತಯಾರಕರು 80ರಿಂದ 150 ವ್ಯಾಟ್‌ವರೆಗೆ ಯಾವ ಮಿತಿಯನ್ನಾದರೂ ಗೊತ್ತುಪಡಿಸಬಹುದಾಗಿತ್ತು. ಅದೇ ಹೆಸರಿನ ಮೇಜಿನ ಗಣಕದ ಕಾರ್ಡು ಇನ್ನೂ ದೊಡ್ಡದಾದ ಚಿಪ್ಪನ್ನು ಹೊಂದಿ 450 ವ್ಯಾಟ್ ಬಳಸುತ್ತಿತ್ತು.

ಮಿತಿಯೊಳಗೆ ಇರುವುದನ್ನೇ ವಿನ್ಯಾಸದ ಗುಣವೆಂದು ಎತ್ತಿಹಿಡಿದದ್ದು 2017ರ ಮ್ಯಾಕ್ಸ್-ಕ್ಯೂ ಯೋಜನೆ. ಯಾವ ಬಿಂದುವಿನ ನಂತರ ಹೆಚ್ಚು ವ್ಯಾಟ್ ಸುರಿದರೂ ವೇಗ ಅಲ್ಪವಾಗಿ ಮಾತ್ರ ಏರುವುದೋ ಆ ಬಿಂದುವಿನ ಬಳಿಯೇ ಚಿಪ್ಪನ್ನು ನಿಲ್ಲಿಸುವುದು ಎನ್ವಿಡಿಯಾದ ಈ ಯೋಜನೆಯ ತಿರುಳು. ಅದರಡಿ ಬಂದ ಅಸುಸ್ ಜೆಫಿರಸ್ ಯಂತ್ರ 18 ಮಿಲಿಮೀಟರಿಗಿಂತ ತೆಳುವಾಗಿತ್ತು. ಪರದೆಯನ್ನು ತೆರೆದೊಡನೆ ಅದರ ತಳಭಾಗ ಬೇರ್ಪಟ್ಟು ಗಾಳಿಗೆ ದಾರಿಯಾಗುತ್ತಿತ್ತು. ಇದೇ ಅರಿವನ್ನು ಬಳಕೆದಾರರೂ ತಮ್ಮ ಕೈಗೆ ತೆಗೆದುಕೊಂಡಿದ್ದರು: ಚಿಪ್ಪಿಗೆ ಕಾರ್ಖಾನೆ ಗೊತ್ತುಪಡಿಸಿದ್ದಕ್ಕಿಂತ ತುಸು ಕಡಿಮೆ ವೋಲ್ಟೇಜ್ ಕೊಟ್ಟು, ವೇಗವನ್ನು ಕಳೆದುಕೊಳ್ಳದೆ ಕಾವನ್ನು ಇಳಿಸುವ ಅಂಡರ್‌ವೋಲ್ಟಿಂಗ್ ಆಟಗಾರರಲ್ಲಿ ರೂಢಿಯಾಗಿತ್ತು. 2019ರ ಡಿಸೆಂಬರಿನಲ್ಲಿ ಸಂಶೋಧಕರು ಇದೇ ಮಾರ್ಗದಿಂದ ಇಂಟೆಲ್ ಚಿಪ್ಪಿನಲ್ಲಿ ರಹಸ್ಯ ಮಾಹಿತಿಯನ್ನು ಕಾಪಾಡುವ ಭಾಗವನ್ನು ತಪ್ಪು ಗಣನೆಗೆ ದೂಡಬಹುದೆಂದು ತೋರಿಸಿ ಅದಕ್ಕೆ ಪ್ಲಂಡರ್‌ವೋಲ್ಟ್ ಎಂದು ಹೆಸರಿಟ್ಟರು. ಅನಂತರದ ಭದ್ರತಾ ಪರಿಷ್ಕರಣೆಗಳು ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಬಾಗಿಲನ್ನು ಮುಚ್ಚಿದವು.

ದ್ರವಲೋಹ, ತೊಡೆ ಮತ್ತು ಊರಿನ ಬಿಸಿಲು

ಈಚಿನ ವರ್ಷಗಳಲ್ಲಿ ಹಳೆಯ ಉಪಾಯಗಳು ಹೊಸ ಅಳತೆಯಲ್ಲಿ ಮರಳಿದವು. 2015ರಲ್ಲಿ ಅಸುಸ್ ಸಂಸ್ಥೆ ಪ್ರದರ್ಶಿಸಿದ ಜಿಎಕ್ಸ್700 ಲ್ಯಾಪ್‌ಟಾಪಿಗೆ ಹಿಂಬದಿಯಿಂದ ನೀರು ಹಾಯಿಸುವ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಜೋಡಿಸಬಹುದಾಗಿತ್ತು. ದೊಡ್ಡ ಗಣಕಗಳ ದ್ರವಶೀತನವೇ ಮೇಜಿನ ಮೇಲೆ ಮರಳಿ ಕಾಣಿಸಿಕೊಂಡಂತಾಯಿತು, ಆದರೆ ಅದರೊಡನೆ ಒಯ್ಯುವ ಅನುಕೂಲ ಹೊರಟುಹೋಯಿತು. 2020ರಿಂದ ಅದೇ ಸಂಸ್ಥೆ ಥರ್ಮಲ್ ಪೇಸ್ಟಿನ ಜಾಗದಲ್ಲಿ ಗ್ಯಾಲಿಯಂ ಆಧಾರಿತ ದ್ರವಲೋಹವನ್ನು ವ್ಯಾಪಕವಾಗಿ ಬಳಸತೊಡಗಿತು. ಪೇಸ್ಟಿಗಿಂತ ಬಹಳ ಚೆನ್ನಾಗಿ ಶಾಖವನ್ನು ದಾಟಿಸುವ ಈ ಲೋಹ ವಿದ್ಯುತ್ತನ್ನೂ ದಾಟಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಆದ್ದರಿಂದ ಅದು ಹರಿದುಹೋಗದಂತೆ ಚಿಪ್ಪಿನ ಸುತ್ತ ಕಟ್ಟೆ ಕಟ್ಟಬೇಕಾಗುತ್ತದೆ, ಅರಿಯದ ಕೈ ಅದನ್ನು ಮುಟ್ಟುವಂತಿಲ್ಲ. ಮತ್ತೊಂದು ತುದಿಯಲ್ಲಿ ಆಪಲ್ ಸಂಸ್ಥೆ 2020ರಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರನ್ನು ಫ್ಯಾನೇ ಇಲ್ಲದೆ ತಂದಿತು. ಗ್ರಿಡ್ ಕಂಪಾಸಿನ ಲೋಹದ ಮೈಯ ತತ್ತ್ವಕ್ಕೆ ಮರಳಿದ ಈ ಯಂತ್ರವೂ ದೀರ್ಘಕಾಲದ ಆಟದಲ್ಲಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ.

ಇಷ್ಟೆಲ್ಲ ಏರ್ಪಾಡುಗಳಿಂದಲೂ ತಪ್ಪಿಸಿಕೊಂಡ ಕಾವು ಮನುಷ್ಯನ ಮೈಗೆ ತಾಗುತ್ತದೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ವೈದ್ಯರು ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ತಿಂಗಳುಗಟ್ಟಲೆ ದಿನಕ್ಕೆ ಹಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ 12 ವರ್ಷದ ಬಾಲಕನ ಎಡತೊಡೆಯ ಚರ್ಮದಲ್ಲಿ ಬಲೆಯಂತಹ ಕಂದು ಗೆರೆಗಳು ಮೂಡಿದುದನ್ನು ದಾಖಲಿಸಿದರು. ಎರಿಥೀಮಾ ಅಬ್ ಇಗ್ನೆ ಎಂದು ವೈದ್ಯಶಾಸ್ತ್ರ ಕರೆಯುವ ಈ ಸ್ಥಿತಿ ಹೊಸದಲ್ಲ; ಒಲೆಯ ಮುಂದೆ ದಿನವಿಡೀ ಕೂರುವವರಲ್ಲಿಯೂ ಚಳಿಗಾಲದಲ್ಲಿ ಕಾಂಗ್ಡಿಯೆಂಬ ಕೆಂಡದ ಬುಟ್ಟಿಯನ್ನು ಮೈಗೊತ್ತಿ ಹಿಡಿಯುವ ಕಾಶ್ಮೀರಿಗಳಲ್ಲಿಯೂ ಅದು ಹಿಂದಿನಿಂದ ಕಂಡುಬಂದಿದೆ. ಸುಡುವಷ್ಟು ಬಿಸಿಯಲ್ಲದ ಕಾವು ಬಹುಕಾಲ ತಾಗಿದರೂ ಸಾಕು ಎಂಬುದು ಅದರ ಎಚ್ಚರಿಕೆ.

ವಿನ್ಯಾಸಕಾರನ ಕೈಯಲ್ಲಿಲ್ಲದ ಇನ್ನೊಂದು ಅಂಶವೆಂದರೆ ಯಂತ್ರ ಇರುವ ಊರು. ಶೈತ್ಯೀಕರಣವಿಲ್ಲದ ಯಾವ ಫ್ಯಾನೂ ಯಾವ ಹೀಟ್ ಪೈಪೂ ಚಿಪ್ಪನ್ನು ಸುತ್ತಲಿನ ಗಾಳಿಗಿಂತ ತಣ್ಣಗಾಗಿಸಲಾರದು. ಗಾಳಿಯ ಉಷ್ಣಾಂಶಕ್ಕೆ ಇಂತಿಷ್ಟು ಡಿಗ್ರಿ ಕೂಡಿದ್ದೇ ಚಿಪ್ಪಿನ ಉಷ್ಣಾಂಶ. 25 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿಯಲ್ಲಿ ನಡೆಯುವ ಚಿಪ್ಪು, ಉಳಿದದ್ದೆಲ್ಲ ಒಂದೇ ಆಗಿದ್ದರೆ, ಏಪ್ರಿಲ್-ಮೇ ತಿಂಗಳ ಕಲಬುರಗಿಯ ಅಥವಾ ರಾಯಚೂರಿನ 40 ಡಿಗ್ರಿಯಲ್ಲಿ 95ಕ್ಕೆ ಏರುತ್ತದೆ. ಅನೇಕ ಪ್ರೊಸೆಸರುಗಳು ಗತಿಯನ್ನು ತಗ್ಗಿಸುವ 100 ಡಿಗ್ರಿಯ ಗಡಿಗೆ ಅಲ್ಲಿಂದ ಉಳಿಯುವುದು ಐದೇ ಡಿಗ್ರಿ. ಬಯಲುಸೀಮೆಯ ಧೂಳು ರೆಕ್ಕೆಗಳನ್ನು ಬೇಗ ಕಟ್ಟುವುದರಿಂದ ಆ ಅಂತರವೂ ಕಿರಿದಾಗುತ್ತದೆ. ಇಂತಲ್ಲಿ ಲ್ಯಾಪ್‌ಟಾಪಿನ ಹಿಂಬದಿಯನ್ನು ಒಂದೆರಡು ಅಂಗುಲ ಎತ್ತರಿಸುವ ಸ್ಟ್ಯಾಂಡು, ತಳದ ಗಾಳಿಕಂಡಿಗಳಿಗೆ ಸರಿಯಾಗಿ ಹೊಂದುವ ಕೂಲಿಂಗ್ ಪ್ಯಾಡು, ಕೋಣೆಯ ಸೀಲಿಂಗ್ ಫ್ಯಾನು, ಆಟದ ಚಿತ್ರಸಂಖ್ಯೆಗೆ ಹಾಕುವ ಮಿತಿ, ಕಾಲಕಾಲಕ್ಕೆ ಧೂಳು ತೆಗೆಸಿ ಪೇಸ್ಟು ಬದಲಿಸುವುದು, ಇವೆಲ್ಲ ಸಣ್ಣ ಕೆಲಸಗಳಾಗಿ ಕಂಡರೂ ಫಲ ದೊಡ್ಡದು. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಮಾರುಕಟ್ಟೆಗಳಲ್ಲಿಯೂ ಜಿಲ್ಲಾಕೇಂದ್ರಗಳ ಪುಟ್ಟ ಅಂಗಡಿಗಳಲ್ಲಿಯೂ ಈ ಸೇವೆ ಮಾಡುವ ಕುಶಲಕರ್ಮಿಗಳು ತಣಿಸುವ ವಿದ್ಯೆಯ ಕೊನೆಯ ಕೊಂಡಿಯಾಗಿದ್ದಾರೆ.

ಇಡೀ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಮತ್ತೆಮತ್ತೆ ಎದುರಾಗುತ್ತದೆ. ಒಂದು ಗಣನೆಗೆ ಹುಟ್ಟುವ ಕಾವು ಎನಿಯಾಕ್ ಕಾಲದಿಂದ ಊಹಿಸಲಾಗದಷ್ಟು ಇಳಿದಿದೆ. ಆದರೆ ಪ್ರತಿಯೊಂದು ಉಳಿತಾಯವನ್ನೂ ಆಟಗಳು ಹೆಚ್ಚು ಚಿತ್ರಗಳಿಗೆ, ಹೆಚ್ಚು ವಿವರಗಳಿಗೆ, ಇನ್ನೂ ತೆಳುವಾದ ಯಂತ್ರಗಳಿಗೆ ಖರ್ಚು ಮಾಡಿವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಗಣಕವು ತನ್ನ ಮುಖ್ಯ ಚಿಪ್ಪನ್ನು ಸುಮಾರು 15 ವ್ಯಾಟ್‌ಗೆ ಕಟ್ಟಿಹಾಕಿ, ಪರದೆಯನ್ನು ಕಿರಿದಾಗಿಸಿ, ಆಧುನಿಕ ಆಟಗಳನ್ನು ನಡೆಸಿ ತೋರಿಸಿದ್ದು ಬೇರೆ ದಾರಿಯೂ ಉಂಟೆಂಬುದಕ್ಕೆ ಸಾಕ್ಷಿ. ಕಾವಿನ ಹೊಣೆ ಕಟ್ಟಡದಿಂದ ಇಳಿದಿಳಿದು ಬಳಕೆದಾರನ ಮೇಜಿಗೆ ಬಂದಿರುವಾಗ, ಆ ಹೊಣೆಯನ್ನು ಹೊರಲು ಬೇಕಾದ ತಿಳಿವಳಿಕೆ ಮತ್ತು ಸ್ವಾತಂತ್ರ್ಯಗಳೂ ಅವನ ಕೈಗೆ ಬರುವುದು ನ್ಯಾಯ. ಚಿಪ್ಪಿನ ಹೆಸರಿನ ಜೊತೆಗೆ ಅದಕ್ಕೆ ಗೊತ್ತುಪಡಿಸಿದ ವ್ಯಾಟ್‌ಗಳನ್ನೂ, ದೀರ್ಘ ಆಟದಲ್ಲಿ ಉಳಿಯುವ ವೇಗವನ್ನೂ, ಫ್ಯಾನಿನ ಸದ್ದನ್ನೂ ಪೆಟ್ಟಿಗೆಯ ಮೇಲೆಯೇ ತಿಳಿಸಬೇಕು. ಸಾಮಾನ್ಯ ಸ್ಕ್ರೂಡ್ರೈವರಿನಿಂದ ತಳವನ್ನು ತೆರೆದು ಫ್ಯಾನನ್ನು ಶುಚಿಮಾಡುವಂತಿರಬೇಕು, ಹಾಗೆ ತೆರೆದುದಕ್ಕಾಗಿ ವಾರಂಟಿಯನ್ನು ಕಳೆದುಕೊಳ್ಳುವಂತಿರಬಾರದು. ತಣಿಸುವ ವಿದ್ಯೆಯಲ್ಲಿ ಎಂಜಿನಿಯರುಗಳು ಕಳೆದ ಎಂಟು ದಶಕಗಳಲ್ಲಿ ಮಾಡಿದ ಸಾಧನೆಯ ಪೂರ್ಣ ಫಲ ಸಾಮಾನ್ಯ ಆಟಗಾರನಿಗೆ ದೊರೆಯುವುದು ಆಗಲೇ.